ಒಗ್ಗರಣೆ ಡಬ್ಬಿ ಮತ್ತು ಮಾವಿನ ಪೆಟ್ಟಿಗೆ

ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ. ಪೆಟ್ಟಿಗೆ ಕಣ್ಣಿಗೆ ಬಿದ್ದದ್ದು ಆಮೇಲೆ. ನಮ್ಮ ಡಲ್ಲಾಸಿನ ಮೇ ತಿಂಗಳ ಬಿಸಿಲಿಗೆ ಬಾಗಿಲ ಮುಂದಿನ ಕಾಲೊರಸು ಕೂಡ ಕಾದು ರಬ್ಬರಿನ ನಾತ ಹೊಡೆಯುತ್ತಿರುತ್ತದೆ. ಅದನ್ನೂ ಮೀರಿಸಿ ಬಾದಾಮಿ ಮಾವಿನ ಪರಿಮಳ ಒಳಗೆ ನುಗ್ಗಿತು. ಪಕ್ಕದಲ್ಲಿ ಗಾಳಿಯಾಡಲು ತೂತು ಕೊರೆದ ರಟ್ಟಿನ ಪೆಟ್ಟಿಗೆ, ಮೇಲೆ ಅಚ್ಚುಕಟ್ಟಾದ ಚೀಟಿ, ಚೀಟಿಯ ಮೇಲೆ ನನ್ನ ಹೆಸರು.

ವಿಚಿತ್ರವೆಂದರೆ, ಈ ವರ್ಷ ನಾವು ಮಾವಿನಹಣ್ಣು ತರಿಸಿರಲಿಲ್ಲ. ನಮ್ಮ ಯಜಮಾನರ ರಕ್ತದ ಸಕ್ಕರೆ ಗಡಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದ ಮೇಲೆ ಗಂಡ ಹೆಂಡತಿ ಇಬ್ಬರೂ ಕೂತು, ಎಷ್ಟೋ ವರ್ಷಗಳ ಬಳಿಕ ಒಮ್ಮತದಿಂದ ಮಾಡಿದ ತೀರ್ಮಾನ ಅದು. ಹಾಗಾದರೆ ಇದನ್ನು ಕಳಿಸಿದವರು ಯಾರು?

ಆ ಪ್ರಶ್ನೆ ಇರಲಿ. ಪೆಟ್ಟಿಗೆ ಮನೆಗೆ ಬಂದಾಗ ನೀವು ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ, ಕೇಳಿ. ಫ್ರಿಜ್ಜಿಗೆ ಇಡಬೇಡಿ. ಹಣ್ಣನ್ನು ಒತ್ತಿ ನೋಡಬೇಡಿ. ಒತ್ತಿದ ಜಾಗ ನಾಳೆ ಕಪ್ಪಾಗುತ್ತದೆ. ತೊಟ್ಟಿನ ಹತ್ತಿರ ಮೂಗಿಟ್ಟು ನೋಡಿ, ಘಮ್ಮೆಂದರೆ ಇವತ್ತಿಗೆ, ಇಲ್ಲದಿದ್ದರೆ ನಾಡಿದ್ದಿಗೆ. ಪೇಪರ್ ಹಾಸಿ ಬೇರೆ ಬೇರೆಯಾಗಿ ಹರಡಿ. ನಾನು ಹೀಗೆ ಹರಡುತ್ತಾ ಕೂತಿದ್ದಾಗಲೇ ವರ್ಷಗಳ ಹಿಂದಿನ ಆ ಶನಿವಾರ ನೆನಪಿಗೆ ಬಂದದ್ದು. ಆದರೆ ಆ ಶನಿವಾರದ ಕಥೆ ನಿಮಗೆ ಅರ್ಥವಾಗಬೇಕಾದರೆ ಮೊದಲು ನನ್ನ ಒಗ್ಗರಣೆ ಡಬ್ಬಿಯನ್ನು ತೆರೆದು ತೋರಿಸಬೇಕು.

ನನ್ನ ಕಂಪ್ಯೂಟರಿನಲ್ಲಿ ಆ ಹೆಸರಿನದೊಂದು ಫೋಲ್ಡರ್ ಇದೆ. ಅದರೊಳಗೆ ಇರುವುದೆಲ್ಲ ಚಿಕ್ಕ ಚಿಕ್ಕ ಸ್ಕ್ರಿಪ್ಟುಗಳು. ಒಂದು, ರಾಶಿ ಫೈಲುಗಳ ಹೆಸರನ್ನು ಒಂದೇ ಏಟಿಗೆ ಬದಲಾಯಿಸುತ್ತದೆ. ಇನ್ನೊಂದು, ನಮ್ಮವರು ದಿನ ಮೊದಲು ಬರೆದು ಇಲ್ಲಿಯವರು ತಿಂಗಳು ಮೊದಲು ಬರೆದು ಕಲಸುಮೇಲೋಗರ ಮಾಡಿಟ್ಟ ತಾರೀಖುಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಮತ್ತೊಂದಕ್ಕೆ ಗೊತ್ತಿರುವುದು ಒಂದೇ ಕೆಲಸ: ಮೊದಲ ಸಲ ಕಂಡ ಸಾಲನ್ನು ಇಟ್ಟುಕೊಳ್ಳುತ್ತದೆ, ಅದೇ ಸಾಲು ಮತ್ತೆ ಕಂಡರೆ ಬಿಟ್ಟುಬಿಡುತ್ತದೆ. ಯಾವುದೂ ಒಂದು ಪುಟ ದಾಟುವುದಿಲ್ಲ. ಕೆಲವು ಒಂದೇ ಸಾಲಿನವು. ಅಡುಗೆಮನೆಯಲ್ಲಿ ಎಣ್ಣೆ ಕಾಯಲು ಇಟ್ಟು ಸಾಸಿವೆ ಹುಡುಕುತ್ತಾ ನಿಂತರೆ ಎಣ್ಣೆ ಹೊತ್ತಿಹೋಗುತ್ತದೆ ತಾನೆ? ಇದೂ ಹಾಗೇ. ಕೈ ಹಾಕಿದರೆ ಸಾಸಿವೆ, ಪಕ್ಕಕ್ಕೆ ಹಾಕಿದರೆ ಜೀರಿಗೆ, ನೋಡುವ ಅಗತ್ಯವೇ ಬೀಳಬಾರದು.

ನಮ್ಮ ಯಜಮಾನರು ದೊಡ್ಡ ದೊಡ್ಡ ಕಂಪನಿಗಳ ಕಂಪ್ಯೂಟರ್ ವ್ಯವಸ್ಥೆಯ ನಕ್ಷೆ ಬರೆಯುವವರು. ಧಾರವಾಡದವರು. ನನ್ನ ಡಬ್ಬಿ ನೋಡಿದಾಗಲೆಲ್ಲ, "ನಾ ಮನಿ ಕಟ್ಟಾಂವ, ನೀ ಮೊಳಿ ಮಾರಾಕಿ" ಎನ್ನುತ್ತಾರೆ. "ಮೊಳೆ ಇಲ್ದೆ ನಿಮ್ಮ ಮನೆ ನಿಂತೀತೇನ್ರೀ?" ಎಂದು ನಾನು ಕೇಳುತ್ತೇನೆ. ಮದುವೆಯಾದಾಗಿನಿಂದ ಈ ವ್ಯಾಪಾರ ಕುದುರಿಲ್ಲ.

ನಾನು ಎಂಜಿನಿಯರ್ ಅಲ್ಲ. ದಾವಣಗೆರೆಯಲ್ಲಿ ಬಿ.ಕಾಂ. ಮಾಡುತ್ತಾ ಚಿಕ್ಕಪ್ಪನ ಸೀರೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕೂರುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ಪಬ್ಲಿಕ್ ಲೈಬ್ರರಿಯ ಪುಸ್ತಕ ಹಿಡಿದು ಪ್ರೋಗ್ರಾಮಿಂಗ್ ಕಲಿತೆ. ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸೊಂದರಲ್ಲಿ ಇಂಟರ್‌ವ್ಯೂಗೆ ಕೂತಾಗ ಮ್ಯಾನೇಜರ್ ನನಗೆ ಬಾರದ ದೊಡ್ಡ ವಿಷಯಗಳನ್ನೇ ಆರಿಸಿ ಆರಿಸಿ ಕೇಳಿದ. ವ್ಯಾಪಾರದಲ್ಲಿ ಗಿರಾಕಿ ನಮ್ಮ ಹತ್ತಿರ ಇಲ್ಲದ ಬಣ್ಣ ಕೇಳಿದರೆ ಇರುವ ಬಣ್ಣವನ್ನು ಬೆಳಕಿಗೆ ಹಿಡಿಯಬೇಕು. ನಾನು ಕೇಳಿದೆ: "ನಿಮ್ಮ ಜನ ಯಾವ ಕೆಲಸ ಬಂದರೆ ಮುಖ ಸಿಂಡರಿಸುತ್ತಾರೆ? ಅದನ್ನು ನನಗೆ ಕೊಡಿ." ಅವನು ನಕ್ಕು, ಪ್ರತಿ ಸೋಮವಾರ ಯಾರಾದರೊಬ್ಬರು ಬೆಳಗ್ಗೆಯೆಲ್ಲ ಕೂತು ಶುದ್ಧ ಮಾಡಬೇಕಿದ್ದ ಒಂದು ಫೈಲನ್ನು ಕೊಟ್ಟ. ಡಬ್ಬಿಯಲ್ಲಿದ್ದ ಎರಡು ಸ್ಕ್ರಿಪ್ಟುಗಳನ್ನು ಒಂದರ ಹಿಂದೊಂದು ಪೋಣಿಸಿದೆ. ಅವನ ಕಾಫಿ ಆರುವುದರೊಳಗೆ ಕೆಲಸ ಮುಗಿದಿತ್ತು. ಅವತ್ತಿನಿಂದ ಆ ಆಫೀಸಿನಲ್ಲೇ ಇದ್ದೇನೆ. ನೀವು ಎಳೆಯರಾಗಿದ್ದರೆ ನನ್ನದೊಂದು ಮಾತು: ಒಂದೇ ಕೆಲಸವನ್ನು ಮೂರನೆಯ ಸಲ ಕೈಯಲ್ಲಿ ಮಾಡುತ್ತಿದ್ದೇನೆ ಅನ್ನಿಸಿದ ಕ್ಷಣ ನಿಲ್ಲಿಸಿ, ಅದನ್ನು ಸ್ಕ್ರಿಪ್ಟ್ ಮಾಡಿ. ಮೇಲೆ ಒಂದು ಸಾಲು ಟಿಪ್ಪಣಿ ಬರೆಯಿರಿ, ಇದು ಯಾಕೆ ಹುಟ್ಟಿತು ಅಂತ. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ನಿಮ್ಮ ಕೈಬರಹ ನಿಮಗೇ ಪರಕೀಯ.

ಈಗ ಪದ್ಮಜಾ. ಮೈಸೂರಿನವಳು, ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿ ಮನೆ. ನನಗಿಂತ ಚಿಕ್ಕವಳು, ಅಕ್ಕ ಅಕ್ಕ ಎಂದು ಬಾಯಿತುಂಬ ಕರೆಯುತ್ತಾಳೆ. ಒಂದು ಟೆಕ್ ಕಂಪನಿಯಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ವಿಭಾಗದಲ್ಲಿದ್ದಳು. ಒಂದು ದಿನ ಆ ವಿಭಾಗವನ್ನೇ ಎತ್ತಿಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಬಯೋಡೇಟಾ ತಿದ್ದುತ್ತಾ ಕೂರುತ್ತಿದ್ದರು. ಇವಳು ನನಗೆ ಫೋನ್ ಮಾಡಿ, "ಅಕ್ಕ, ನಾನು ಮಾವಿನಹಣ್ಣು ಮಾರ್ತೀನಿ" ಎಂದಳು.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್, ನಮ್ಮ ಈ ಮೂರು ಊರಿನ ಕನ್ನಡದವರಿಗೆ ಬೇಸಿಗೆಯಲ್ಲಿ ಊರ ಹಣ್ಣಿನ ಹುಚ್ಚು. ವಿಮಾನದಲ್ಲಿ ಬರುವ ಹಣ್ಣು, ಒಂದೆರಡು ದಿನ ತಡವಾದರೆ ಗೊಜ್ಜಿಗೂ ಬಾರದು. ಹ್ಯೂಸ್ಟನ್‌ನಲ್ಲಿ ಅದನ್ನು ತರಿಸುವ ವ್ಯಾಪಾರಿಯೊಬ್ಬರಿದ್ದರು. ಪದ್ಮಜಾ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು, ಚೌಕಾಸಿಗೆ ಅಂತ. ಆತ ಹೊಸಬರನ್ನು ನಂಬುವ ಪೈಕಿಯಲ್ಲ. ಬೆಲೆಯ ಮಾತಿಗೆ ನಾನು ಹೋಗಲೇ ಇಲ್ಲ. "ನಿಮಗೆ ಅತಿ ದೊಡ್ಡ ತಲೆನೋವು ಯಾವುದು?" ಎಂದು ಕೇಳಿದೆ. ಆಫೀಸಿನಲ್ಲಿ ಗೆದ್ದ ಪ್ರಶ್ನೆ, ಗೋದಾಮಿನಲ್ಲೂ ಗೆಲ್ಲುತ್ತದೆ ಎಂಬ ಧೈರ್ಯ. ಆತ ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು: ಆರ್ಡರ್ ಮಾಡಿದವರು ಬರುವುದಿಲ್ಲ, ಮಾಡದವರು ಬಂದು ಜಗಳ ಆಡುತ್ತಾರೆ, ಉಳಿದ ಹಣ್ಣು ಬಿಸಿಲಿಗೆ ಕೊಳೆಯುತ್ತದೆ. ಕೊನೆಗೆ ಮಾತು ಕುದುರಿತು. ಒಂದೇ ಲಾರಿ ಮೂರೂ ಊರಿಗೆ. ಹೊರಡುವ ಮೊದಲು ಪ್ರತಿ ಊರಿಗೆ ಎಷ್ಟು ಪೆಟ್ಟಿಗೆ ಎಂದು ಪದ್ಮಜಾ ಹೇಳಬೇಕು. ಒಂದೂ ಉಳಿಯಬಾರದು, ಒಬ್ಬರೂ ಬರಿಗೈಲಿ ಹೋಗಬಾರದು. ಹಾಗೆ ನಡೆದರೆ ಮುಂದಿನ ವರ್ಷದಿಂದ ಮೂರೂ ಊರು ಅವಳದೇ. ನಡೆಯದಿದ್ದರೆ ನಮಸ್ಕಾರ.

"ಅಕ್ಕ, ಇದು ಆಗಲಿಲ್ಲ ಅಂದ್ರೆ ನಾನು ಮತ್ತೆ ಇನ್ನೊಬ್ಬರ ಬಾಗಿಲು ತಟ್ಟಬೇಕು" ಎಂದು ಕಾರಿನಲ್ಲಿ ಹೇಳಿದಳು. "ಈ ವಯಸ್ಸಲ್ಲಿ ಮತ್ತೆ ಹೊಸಬಳಾಗಿ ಕೂರೋಕೆ ನನ್ ಕೈಲಾಗಲ್ಲ."

ಆ ಶನಿವಾರ ಬೆಳಗ್ಗೆ ಪದ್ಮಜಾ ಹ್ಯೂಸ್ಟನ್‌ನ ಗೋದಾಮಿನಲ್ಲಿದ್ದಳು. ಲಾರಿ ಅಲ್ಲಿಂದ ಆಸ್ಟಿನ್‌ಗೆ ಹೋಗಿ, ಅಲ್ಲಿಂದ ಸಂಜೆಗೆ ನಮ್ಮ ಡಲ್ಲಾಸಿಗೆ ಬರಬೇಕು. ಹ್ಯೂಸ್ಟನ್ನಿನವರು ಗೋದಾಮಿಗೇ ಬಂದು ಒಯ್ಯುವುದು. ನಾನು ಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಫೋನ್ ಬಂತು. ಅವಳ ಧ್ವನಿಗಿಂತ ಮೊದಲು ಕೇಳಿಸಿದ್ದು ಇನ್ನೊಬ್ಬರ ಧ್ವನಿ.

"ನಾನೇ ಕಣಮ್ಮ ಮೊದಲನೇ ಹೆಸರು ಹಾಕಿದ್ದು! ನಿನ್ನ ಲಿಸ್ಟ್ ಶುರುವಾಗಿದ್ದೇ ನನ್ನಿಂದ! ಈಗ ನಾನೇ ಇಲ್ಲ ಅಂತೀಯಾ?"

ಅದು ಶ್ರೀಕಂಠಯ್ಯ ಅಂಕಲ್. ಹ್ಯೂಸ್ಟನ್ ಕನ್ನಡಿಗರಲ್ಲಿ ಹಿರಿಯರು. ಯಾವ ಕಾರ್ಯಕ್ರಮಕ್ಕಾದರೂ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುವವರು.

"ಅಂಕಲ್, ಒಂದ್ನಿಮಿಷ... ಅಕ್ಕ, ಇವರ ಹೆಸರು ಲಿಸ್ಟಲ್ಲಿ ಇಲ್ಲ. ಇವರೊಬ್ಬರೇ ಅಲ್ಲ, ಇನ್ನೂ ಯಾರ್ಯಾರೋ ಫೋನ್ ಮಾಡ್ತಿದಾರೆ. ಲಾರಿ ಲೋಡ್ ಆಗ್ಬೇಕು. ನಾನು ಯಾವ ನಂಬರ್ ಹೇಳ್ಲಿ?"

ಏನಾಗಿತ್ತೆಂದು ನನಗೆ ತಕ್ಷಣ ಹೊಳೆಯಿತು. ಫೋನಿನ ಗ್ರೂಪುಗಳಲ್ಲಿ ನಮ್ಮವರು ಆರ್ಡರ್ ಕೊಡುವ ಪದ್ಧತಿ ನಿಮಗೂ ಗೊತ್ತಿರುತ್ತದೆ. ಮೊದಲನೆಯವರು ತಮ್ಮ ಹೆಸರು, ಊರು, ಎಷ್ಟು ಪೆಟ್ಟಿಗೆ ಎಂದು ಒಂದು ಸಾಲು ಬರೆಯುತ್ತಾರೆ. ಎರಡನೆಯವರು ಅದನ್ನು ಕಾಪಿ ಮಾಡಿ, ಕೆಳಗೆ ತಮ್ಮ ಸಾಲು ಸೇರಿಸಿ, ಇಡೀ ಪಟ್ಟಿಯನ್ನು ಮತ್ತೆ ಹಾಕುತ್ತಾರೆ. ಮೂರನೆಯವರು ಅದನ್ನು ಕಾಪಿ ಮಾಡುತ್ತಾರೆ. ಪಟ್ಟಿ ಹೀಗೆ ಬಾಲ ಬೆಳೆಸಿಕೊಂಡು ಹೋಗುತ್ತದೆ. ಆದರೆ ಇಬ್ಬರು ಒಂದೇ ಹೊತ್ತಿಗೆ ಕಾಪಿ ಮಾಡಿದರೆ? ಒಬ್ಬರ ಪಟ್ಟಿಯಲ್ಲಿ ಇನ್ನೊಬ್ಬರಿಲ್ಲ. ಮುಂದಿನವರು ಕೆಳಗಿರುವ ಪಟ್ಟಿಯನ್ನೇ ಎತ್ತಿಕೊಳ್ಳುತ್ತಾರೆ, ಮೇಲಿನದರಲ್ಲಿದ್ದವರು ತೊಳೆದುಹೋಗುತ್ತಾರೆ. ಇನ್ನು ಕಾಪಿ ಮಾಡುವಾಗ ಬೆರಳು ಜಾರಿ ಮೊದಲ ಸಾಲು ಬಿಟ್ಟುಹೋದರೆ ಶ್ರೀಕಂಠಯ್ಯ ಅಂಕಲ್ಲೇ ಮಾಯ. ಯಾರಿಗೂ ಗೊತ್ತಾಗುವುದಿಲ್ಲ, ಹಾಕುವಾಗ ತಮ್ಮ ಹೆಸರು ಇದೆಯೇ ಎಂದಷ್ಟೇ ಎಲ್ಲರೂ ನೋಡುವುದು. ಪದ್ಮಜಾ ನಂಬಿದ್ದು ಕೊಟ್ಟಕೊನೆಯ ಪಟ್ಟಿಯನ್ನು.

ಒಲೆಯ ಉರಿ ಸಣ್ಣ ಮಾಡಿದೆ. "ಪದ್ದು, ಗ್ರೂಪಿನ ಮಾತುಕತೆ ಪೂರ್ತಿ ಫೈಲ್ ಮಾಡಿ ಕಳ್ಸು. ಮೊದಲನೇ ದಿನದಿಂದ."

ಯಜಮಾನರು ಕಾಫಿ ಲೋಟ ಹಿಡಿದು ಹಿಂದೆ ಬಂದು ನಿಂತರು. "ಇದಕ್ಕ ಒಂದು ಆ್ಯಪ್ ಬೇಕಾಗ್ತದ ನೋಡು. ಲಾಗಿನ್ ಇರಬೇಕು, ಡೇಟಾಬೇಸ್ ಇರಬೇಕು..."

"ಯಾವಾಗ ಕೊಡ್ತೀರಿ?"

"ಛಲೋ ಮಾಡಬೇಕಂದ್ರ ಎರಡು ತಿಂಗಳು."

"ಅಷ್ಟೊತ್ತಿಗೆ ಮಾವಿನ ಗೊರಟು ಗಿಡ ಆಗಿರುತ್ತೆ. ಸ್ವಲ್ಪ ಆ ರವೆ ಕಡೆ ನೋಡ್ಕೊಳ್ರೀ."

ಫೈಲ್ ಬಂತು. ಶುಭೋದಯದ ಹೂವು, ಹುಟ್ಟುಹಬ್ಬದ ಕೇಕು, ಮಧ್ಯದಲ್ಲಿ ಪಟ್ಟಿಯ ಮೇಲೆ ಪಟ್ಟಿ. ಡಬ್ಬಿಯಿಂದ ಆ ಒಂದೇ ಸಾಲಿನ ಸ್ಕ್ರಿಪ್ಟನ್ನು ತೆಗೆದೆ: ಮೊದಲ ಸಲ ಕಂಡದ್ದನ್ನು ಇಟ್ಟುಕೋ, ಮತ್ತೆ ಕಂಡರೆ ಬಿಡು. ಸಾಲಿನ ಮುಂದಿನ ಕ್ರಮಸಂಖ್ಯೆಗಳನ್ನು ಕಿತ್ತುಹಾಕಿ ಓಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ, ಎಂದಾದರೂ ಯಾವುದಾದರೂ ಪಟ್ಟಿಯಲ್ಲಿ ಇದ್ದವರೆಲ್ಲ ಮೇಲೆದ್ದು ಬಂದರು. ಎಲ್ಲರಿಗಿಂತ ಮೇಲೆ ಶ್ರೀಕಂಠಯ್ಯ ಅಂಕಲ್.

"ಬಂದ್ರು ನೋಡೇ ನಿನ್ನ ಅಂಕಲ್!" ಎಂದು ಫೋನಿನಲ್ಲೇ ಕೂಗಿದೆ. ಹೆಸರು ಓದುತ್ತಾ ಹೋದೆ. ಅರ್ಧದಲ್ಲಿ ಪದ್ಮಜಾ ತಡೆದಳು.

"ಅಕ್ಕ, ಜಾರ್ಜ್‌ಟೌನ್ ಶಶಿಕಲಾ ಆಂಟಿ ಇದಾರಾ ಅದ್ರಲ್ಲಿ? ಅವರು ಊರಿಗೆ ಹೋಗ್ಬಿಟ್ರು. ಬೇಡ ಅಂತ ಅವರೇ ಹೆಸರು ತೆಗೆದಿದ್ರು."

ನನ್ನ ಹಿಗ್ಗು ಜರ್ರನೆ ಇಳಿಯಿತು. ಜಾರಿಹೋದವರ ಜೊತೆಗೆ, ಬೇಕೆಂದೇ ಹೊರಗೆ ಹೋದವರನ್ನೂ ನಾನು ಕೈಹಿಡಿದು ಎಳೆದು ತಂದಿದ್ದೆ. ಪದ್ಮಜಾಳ ಪಟ್ಟಿಯಂತೆ ಹೋದರೆ ಜನ ಬರಿಗೈ, ನನ್ನ ಪಟ್ಟಿಯಂತೆ ಹೋದರೆ ಹಣ್ಣು ಬಿಸಿಲಿಗೆ. ಫೋನಿನ ಆ ಕಡೆ ವ್ಯಾಪಾರಿ ಲಾರಿಯ ಹಿಂಬಾಗಿಲನ್ನು ಬಡಿಯುವ ಸದ್ದು ಕೇಳುತ್ತಿತ್ತು.

ಆಗ ನನಗೆ ನೆನಪಾದದ್ದು ಚಿಕ್ಕಪ್ಪನ ಅಂಗಡಿ. ಮದುವೆ ಸೀರೆಗೆ ಬಂದರೆ ಒಬ್ಬರಾ ಬರುತ್ತಾರೆ? ಹತ್ತು ಹೆಂಗಸರು, ಗಾದಿಯ ಮೇಲೆ ಸೀರೆಯ ಗುಡ್ಡ. ಇದು ಅತ್ತೆಗೆ, ಅದು ನಾದಿನಿಗೆ, ಬೇಡ ಅದನ್ನು ಮಡಿಸಿ, ಅಯ್ಯೋ ಆ ಹಸಿರು ಎಲ್ಲಿ ಹೋಯ್ತು. ಒಬ್ಬರಿಗೆ ಬೇಕಾದದ್ದನ್ನು ಇನ್ನೊಬ್ಬರು ಮಡಿಸಿ ಪಕ್ಕಕ್ಕಿಟ್ಟಿರುತ್ತಾರೆ. ಚಿಕ್ಕಪ್ಪ ಗುಡ್ಡದ ಕಡೆ ನೋಡುತ್ತಲೇ ಇರಲಿಲ್ಲ. ಕೈಗಳನ್ನು ನೋಡುತ್ತಿದ್ದರು. "ಅವರ ಸೀರೆ ಬಗ್ಗೆ ಅವರ ಕೈಯನ್ನಷ್ಟೇ ಕೇಳಬೇಕು ಮಗಾ" ಎನ್ನುತ್ತಿದ್ದರು. "ಅವರೇ ಎತ್ಕೊಂಡ್ರೆ ಬೇಕು ಅಂತ. ಅವರೇ ಕೆಳಗಿಟ್ರೆ ಬೇಡ ಅಂತ. ಬೇರೆಯವರು ಎತ್ತಿ ಇಟ್ಟಿದ್ದು ಲೆಕ್ಕಕ್ಕಿಲ್ಲ."

ನಾನು ಪಟ್ಟಿಗಳನ್ನು ನೋಡುತ್ತಿದ್ದೆ. ನೋಡಬೇಕಾದದ್ದು ಹಾಕಿದವರ ಕೈ. ಪ್ರತಿ ಸಂದೇಶದ ಮೇಲೂ ಕಳಿಸಿದವರು ಯಾರು ಎಂದು ಇದ್ದೇ ಇರುತ್ತದಲ್ಲ! ಶಶಿಕಲಾ ಆಂಟಿಯ ಹೆಸರನ್ನು ತೆಗೆದ ಪಟ್ಟಿ ಹಾಕಿದವರು ಶಶಿಕಲಾ ಆಂಟಿಯೇ. ಅದು ಬೇಡ ಎಂಬ ಮಾತು. ಶ್ರೀಕಂಠಯ್ಯ ಅಂಕಲ್ ಹೆಸರಿಲ್ಲದ ಪಟ್ಟಿ ಹಾಕಿದವರು ಇನ್ಯಾರೋ, ಅದು ಲೆಕ್ಕಕ್ಕಿಲ್ಲ. ಡಬ್ಬಿಯಲ್ಲಿ ಇನ್ನೊಂದು ತುಣುಕಿತ್ತು, ಯಾರು ಯಾವ ಸಾಲು ಕಳಿಸಿದರೆಂದು ಬೇರ್ಪಡಿಸುವುದು. ಆಫೀಸಿನ ಸೋಮವಾರದ ಫೈಲಿಗೆಂದು ಎಂದೋ ಬರೆದದ್ದು. ಅದನ್ನು ಮುಂದಕ್ಕೆ ಪೋಣಿಸಿದೆ. ಒಬ್ಬೊಬ್ಬರ ವಿಷಯದಲ್ಲೂ ಅವರೇ ಕೊನೆಗೆ ಹಾಕಿದ ಪಟ್ಟಿ ಮಾತ್ರ ಪ್ರಮಾಣ. ಒಂದು ಪೆಟ್ಟಿಗೆ ಎಂದವರು ಆಮೇಲೆ ಎರಡು, ಎರಡು ಎಂದವರು ಮೂರು ಮಾಡಿಕೊಂಡಿದ್ದೂ ಅದರಲ್ಲೇ ಸರಿಹೋಯಿತು.

ಮತ್ತೆ ಓಡಿಸಿದೆ. ಅಂಕಲ್ ಇದ್ದರು. ಶಶಿಕಲಾ ಆಂಟಿ ಇರಲಿಲ್ಲ. ಫೋನಿನಲ್ಲಿ ಕೂಗಿದವರೆಲ್ಲ ಇದ್ದರು. ಕೆಳಗೆ ಮೂರು ಊರು, ಮೂರು ಸಂಖ್ಯೆ.

"ಪದ್ದು, ಬರ್ಕೋ."

ಸಂಖ್ಯೆ ಹೇಳಿದೆ. ಅವಳು ಮತ್ತೊಮ್ಮೆ ಕೇಳಲಿಲ್ಲ. ಲಾರಿ ಹೊರಟ ಮೇಲೆ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟೆ. ಯಜಮಾನರು ರವೆಯನ್ನು ಸ್ವಲ್ಪ ಸೀಯಿಸಿದ್ದೂ ಅದಕ್ಕೊಂದು ಕಾರಣ ಇರಬಹುದು.

ಮಧ್ಯಾಹ್ನ ಫ್ಲೂಗರ್‌ವಿಲ್‌ನಿಂದ ಫೋನ್. "ಅಕ್ಕ, ಇಲ್ಲಿ ಕ್ಲೀನ್! ಒಂದೂ ಉಳೀಲಿಲ್ಲ!" ಹಿಂದೆ ಮಕ್ಕಳ ಗಲಾಟೆ, ಯಾರೋ ಅಲ್ಲೇ ನಿಂತು ಹಣ್ಣು ಚೀಪುತ್ತಿರುವ ನಗು. ಸಂಜೆ ನಮ್ಮ ಕಡೆಯ ಅಂಗಡಿ ಸಾಲಿನ ಪಾರ್ಕಿಂಗ್ ಜಾಗಕ್ಕೆ ಲಾರಿ ಬಂತು. ಡ್ರೈವರಿನ ಪಕ್ಕದಲ್ಲಿ ಕೂತಿದ್ದ ಪದ್ಮಜಾ ಧುಮುಕಿ ಇಳಿದಳು. ಕೂದಲು ಕೆದರಿತ್ತು, ಮುಖ ಬಿಸಿಲಿಗೆ ಕೆಂಪಾಗಿತ್ತು. ನಾನು ಹೆಸರು ಕೂಗುವುದು, ಯಜಮಾನರು ಪೆಟ್ಟಿಗೆ ಇಳಿಸುವುದು, ಪದ್ಮಜಾ ಕೈಗೆ ಕೊಡುವುದು. ಕಾರುಗಳು ಬಂದವು, ಡಿಕ್ಕಿ ತೆರೆದವು, ಹೋದವು. ಒಳಗಿನ ರಾಶಿ ಕರಗುತ್ತಾ ಕರಗುತ್ತಾ ಒಂದೇ ಪೆಟ್ಟಿಗೆ ಉಳಿಯಿತು. ಕಾದೆವು. ಯಾರೂ ಬರಲಿಲ್ಲ. ಪದ್ಮಜಾ ನನ್ನ ಮುಖ ನೋಡಿದಳು, ನಾನು ರಸ್ತೆ ನೋಡಿದೆ. ಅಷ್ಟರಲ್ಲಿ ಒಂದು ಕಾರು ಬುರ್ರೆಂದು ತಿರುಗಿ ಬಂದು ನಿಂತಿತು. ಕಿಟಕಿಯಿಂದ ತಲೆ ಹೊರಹಾಕಿದ ಹುಡುಗಿ, "ಸಾರಿ ಆಂಟಿ, ಟ್ರಾಫಿಕ್! ನಮ್ದು ಒಂದು ಇದ್ಯಾ?" ಎಂದಳು.

"ನಿಮ್ದೇ ಇರೋದು ಕಣಮ್ಮ!" ಎಂದು ನಾನು ಇಡೀ ಪಾರ್ಕಿಂಗ್ ಜಾಗ ತಿರುಗಿ ನೋಡುವಂತೆ ಕೂಗಿದೆ.

ಲಾರಿ ಖಾಲಿ. ಖಾಲಿ ಲಾರಿಯಷ್ಟು ಚೆಂದದ ನೋಟವನ್ನು ನಾನು ಈ ದೇಶದಲ್ಲಿ ಇನ್ನೂ ಕಂಡಿಲ್ಲ. ಪದ್ಮಜಾ ವ್ಯಾಪಾರಿಗೆ ಫೋನ್ ಮಾಡಿದಳು. ಆತ ಏನು ಹೇಳಿದನೋ ಕೇಳಿಸಲಿಲ್ಲ. ಅವಳು ಫೋನನ್ನು ಎದೆಗೊತ್ತಿಕೊಂಡು ಲಾರಿಯ ಹಿಂಬದಿಯ ತಗಡಿನ ಮೇಲೆ ಕೂತುಬಿಟ್ಟಳು. "ಮೂರೂ ಊರು ಅಕ್ಕ. ಮುಂದಿನ ವರ್ಷದಿಂದ ಮೂರೂ ನಂದೇ." ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಹುಡುಗಿಯರ ಹಾಗೆ ಕಾಲು ಅಲ್ಲಾಡಿಸುತ್ತಾ ನಕ್ಕೆವು.

ಆಗ ಯಜಮಾನರು ಕೈ ಕೊಡವಿಕೊಳ್ಳುತ್ತಾ ಕೇಳಿದರು. "ಅಲ್ಲಾ, ನಮ್ಮ ಪೆಟಗಿ ಎಲ್ಲೆದ?"

ಚೀಟಿಗಳನ್ನು ತಿರುವಿ ನೋಡಿದೆ. ನಮ್ಮ ಹೆಸರಿರಲಿಲ್ಲ. ಸ್ಕ್ರಿಪ್ಟಿನ ತಪ್ಪಲ್ಲ, ನಡೆಸುವವರಲ್ಲಿ ನಾನೂ ಒಬ್ಬಳು ಎಂಬ ಠೀವಿಯಲ್ಲಿ ನಾನು ಗ್ರೂಪಿನಲ್ಲಿ ಹೆಸರು ಹಾಕಿಯೇ ಇರಲಿಲ್ಲ. ಪದ್ಮಜಾ ಕೂಡ ಹಾಕಿರಲಿಲ್ಲ.

"ಊರ ಮಂದಿಗೆಲ್ಲಾ ಹಣ್ಣು ಹಂಚಿ, ನಾವು ಬಾಳೆಹಣ್ಣು ತಿನ್ನೂದೇನು?" ಎಂದು ಯಜಮಾನರು ಕೇಳಿದಾಗ ನಕ್ಕೂ ನಕ್ಕೂ ಪದ್ಮಜಾಳ ಕಣ್ಣಲ್ಲಿ ನೀರು ಬಂತು. ದಾವಣಗೆರೆಯ ಗಲ್ಲಾಪೆಟ್ಟಿಗೆಯ ಪಕ್ಕ ಬೆಳೆದವಳು ನಾನು. ಅವತ್ತು ಬರಿಗೈಲಿ ಮನೆಗೆ ಹೋದ ಗಿರಾಕಿಗಳೆಂದರೆ ನಾವು ಮೂವರೇ.

ಆ ಸ್ಕ್ರಿಪ್ಟನ್ನು ಪದ್ಮಜಾಳಿಗೆ ಕೊಟ್ಟೆ. ಸುಮ್ಮನೆ ಕೊಡಲಿಲ್ಲ, ಓದಲು ಕಲಿತರೆ ಮಾತ್ರ ಎಂದೆ. ಮೊದಮೊದಲು, "ಅಕ್ಕ, ಈ ಆವರಣ ಚಿಹ್ನೆಗಳು ನನ್ನ ನೋಡಿ ಹಲ್ಲು ಕಿರೀತಿವೆ" ಎಂದು ಅಳುತ್ತಿದ್ದಳು. ಆಮೇಲೆ ಫೋನುಗಳು ಕಡಿಮೆಯಾದವು. ಈಗ ಆಸ್ಟಿನ್ ಕಡೆಯ ಜಾರ್ಜ್‌ಟೌನ್‌ನಲ್ಲಿ ಅವಳದೇ ತಂಪು ಗೋದಾಮು ಇದೆ. ಶಶಿಕಲಾ ಆಂಟಿ ಅಲ್ಲಿ ವಾರಕ್ಕೊಮ್ಮೆ ಬಂದು ಮೇಲ್ವಿಚಾರಣೆ ಮಾಡುತ್ತಾರೆ, ಯಾರೂ ಕೇಳದಿದ್ದರೂ.

ಇವತ್ತು ಹಣ್ಣುಗಳನ್ನು ಹರಡಿ ಮುಗಿಸಿ ಯಜಮಾನರನ್ನು ಕೇಳಿದೆ. "ನೀವೇನಾದ್ರೂ ಕದ್ದು ತರಿಸಿದ್ರೇನ್ರೀ?"

"ನಾನ್ಯಾಕ ತರಿಸ್ಲಿ? ಪ್ರತಿ ವರ್ಷ ನೀನಽ ಹಾಕ್ತಿದ್ದೆಲ್ಲ."

"ನಾನಾ? ಪ್ರತಿ ವರ್ಷ ನೀವು ಹಾಕ್ತಿದ್ರಿ ಅಂತ ನಾನು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ವರ್ಷ ಪೆಟ್ಟಿಗೆ ಬಂದಿದೆ, ತಿಂದಿದ್ದೇವೆ, ಹಣ ಕೊಟ್ಟವರು ಅವರು ಎಂದು ನಾನು, ನಾನು ಎಂದು ಅವರು. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವವಳ ಮನೆಯ ಕಥೆ ಇದು. ಪದ್ಮಜಾಳಿಗೆ ಫೋನ್ ಮಾಡಿದೆ.

"ನನ್ನೇನ್ ಕೇಳ್ತೀರಾ ಅಕ್ಕ? ನಿಮ್ಮ ಸ್ಕ್ರಿಪ್ಟ್ ಕೇಳಿ" ಎಂದು ಇಟ್ಟುಬಿಟ್ಟಳು.

ಅವಳೊಂದಿಗೆ ಹಂಚಿಕೊಂಡಿದ್ದ ಫೈಲನ್ನು ತೆರೆದೆ. ನಾನು ಬರೆದದ್ದೆಲ್ಲ ಹಾಗೇ ಇತ್ತು. ಆದರೆ ಪಟ್ಟಿಯೆಲ್ಲ ಸಿದ್ಧವಾದ ಮೇಲೆ, ಚೀಟಿ ಅಚ್ಚಾಗುವ ಮೊದಲು, ನಾನು ಬರೆಯದ ಒಂದು ಸಾಲು. ಅದು ಪಟ್ಟಿಯ ತಲೆಗೆ ನನ್ನ ಹೆಸರನ್ನು ಇಡುತ್ತಿತ್ತು. ಅದರ ಮೇಲೆ ನಾನೇ ಕಲಿಸಿದ ಹಾಗೆ, ಯಾಕೆ ಹುಟ್ಟಿತೆಂಬ ಟಿಪ್ಪಣಿ: "ಇವರು ತಮ್ಮ ಹೆಸರು ಹಾಕೋದು ಮರೀತಾರೆ."

ತಪ್ಪು ಹುಡುಕುವುದು ನನ್ನ ಚಾಳಿ. ಹುಡುಕಿದೆ. ಎಲ್ಲ ಜರಡಿಗಳೂ ಮುಗಿದ ಮೇಲೆ ಇಟ್ಟಿದ್ದಳು, ಯಾವ ಜರಡಿಯೂ ನನ್ನನ್ನು ಬಿಸಾಡದ ಹಾಗೆ. ನಾನು ಬರೆದಿದ್ದರೂ ಅಲ್ಲೇ ಇಡುತ್ತಿದ್ದೆ.

ಪೆಟ್ಟಿಗೆಯಲ್ಲಿ ಘಮ್ಮೆಂದ ಹಣ್ಣೊಂದನ್ನು ಹೆಚ್ಚಿದೆ. ಯಜಮಾನರಿಗೆ ಒಂದೇ ಹೋಳು, ಡಾಕ್ಟರಿಗೆ ಹೇಳಕೂಡದೆಂಬ ಷರತ್ತಿನ ಮೇಲೆ. ಕೈ ತೊಳೆದುಕೊಂಡು ಆ ಸಾಲನ್ನು, ಅದರ ಟಿಪ್ಪಣಿಯನ್ನು, ಕಾಪಿ ಮಾಡಿ ನನ್ನ ಒಗ್ಗರಣೆ ಡಬ್ಬಿಗೆ ಹಾಕಿಕೊಂಡೆ. ಚಳಿಗಾಲದಲ್ಲಿ ನಾನು ಅವರೆಕಾಳಿನ ಆರ್ಡರ್ ನಡೆಸುತ್ತೇನೆ. ಪದ್ಮಜಾ ಹತ್ತು ಮನೆಯವರಿಗೆ ನೆನಪಿಸುತ್ತಾಳೆ, ತನ್ನದು ಮಾತ್ರ ಹಾಕುವುದಿಲ್ಲ. ಆ ಅವರೆಕಾಳಿನ ಸ್ಕ್ರಿಪ್ಟನ್ನು ತೆರೆದು, ಅದರ ಕೊನೆಯಲ್ಲಿ ಈ ಸಾಲನ್ನು ಕೂರಿಸಿದೆ. ನನ್ನ ಹೆಸರಿದ್ದಲ್ಲಿ ಅವಳ ಹೆಸರು ಹಾಕಿದೆ. ಟಿಪ್ಪಣಿಯನ್ನು ಬದಲಾಯಿಸಬೇಕಾಗಲಿಲ್ಲ.